ದೋಷಶಾಸ್ತ್ರದ ಮೌಖಿಕ ಪರೀಕ್ಷೆ

ನಮ್ಮ ವಿಶ್ವವಿದ್ಯಾಲಯ ಇರುವುದು ಹಳೆಯ ಶಿಶುವಿಹಾರದ ಕಟ್ಟಡದಲ್ಲಿ. ಕೈ ತೊಳೆಯುವ ಬೇಸಿನ್ನುಗಳು ಇವತ್ತಿಗೂ ಮೊಣಕಾಲಿನ ಎತ್ತರದಲ್ಲಿವೆ. ಮೀಸೆ ಬಂದ ಹುಡುಗರು ಅವುಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಮುಖ ತೊಳೆಯುತ್ತಾರೆ. ಗೋಡೆಯ ಮೇಲಿನ ಮುಳ್ಳುಹಂದಿಯ ಚಿತ್ರಕ್ಕೆ ಪ್ರತಿ ಬೇಸಿಗೆ ಸುಣ್ಣ ಬಳಿಯುತ್ತಾರೆ, ಹಿಮ ಕರಗುವ ಹೊತ್ತಿಗೆ ಅದರ ಮೂತಿ ಮತ್ತೆ ಹೊರಗೆ ಬಂದಿರುತ್ತದೆ. ಇದನ್ನು ದೂರೆಂದು ಹೇಳುತ್ತಿಲ್ಲ. ಕಟ್ಟಡ ಚಿಕ್ಕದಿದ್ದರೆ ಯಾರ ಗಂಟೂ ಹೋಗುವುದಿಲ್ಲ. ಅದರೊಳಗೆ ಕೂತ ದೊಡ್ಡವರು ಎಷ್ಟು ಚಿಕ್ಕವರಾಗಬಲ್ಲರು ಅನ್ನುವುದು ನನ್ನ ತಕರಾರು.

ನಾನು ಪಾಠ ಮಾಡುವ ವಿಭಾಗದ ಹೆಸರು ಡಿಫೆಕ್ಟೊಲಾಜಿ. ಕಿವಿ ಕೇಳದ, ಕಣ್ಣು ಕಾಣದ, ಮಾತು ತಡವಾದ ಮಕ್ಕಳಿಗೆ ಮೇಷ್ಟರನ್ನು ತಯಾರು ಮಾಡುವ ಓದು. ಮಾಸ್ಕೋ ನಮ್ಮನ್ನು ಆಳುತ್ತಿದ್ದ ಕಾಲದಲ್ಲಿ ಇಟ್ಟ ಹೆಸರು, ದೇಶ ಬೇರೆಯಾಯಿತು, ಬಾವುಟ ಬೇರೆಯಾಯಿತು, ಹೆಸರು ಮಾತ್ರ ಹಾಗೇ ಉಳಿಯಿತು. ದೋಷಶಾಸ್ತ್ರ. ದೋಷ ಮಕ್ಕಳದ್ದು, ಶಾಸ್ತ್ರ ನಮ್ಮದು. ಈ ಹೆಸರನ್ನು ಬಾಗಿಲ ಮೇಲೆ ಬರೆಸಿಕೊಂಡು ಒಳಗೆ ಚಹಾ ಕುಡಿಯುವವರಿಗೆ ಒಂದು ದಿನವೂ ಗಂಟಲಲ್ಲಿ ಸಿಕ್ಕಿಕೊಂಡಿಲ್ಲ.

ಆ ವಿಭಾಗಕ್ಕೆ ಬುರುಲ್ ಬಂದಳು. ಹುಟ್ಟಿನಿಂದ ಕಿವುಡಿ. ನಗರದ ಕಿವುಡ ಮಕ್ಕಳ ವಸತಿಶಾಲೆಯಲ್ಲಿ ಓದಿ, ಅದೇ ಶಾಲೆಗೆ ಟೀಚರಾಗಿ ಮರಳಬೇಕೆಂದು ಬಂದವಳು. ಆ ಶಾಲೆಯಲ್ಲಿ ಇವತ್ತಿನವರೆಗೆ ಕಿವುಡರಾದ ಒಬ್ಬ ಟೀಚರೂ ಇಲ್ಲ. ರಜೆಯಲ್ಲಿ ಅವಳು ಹೋದಾಗೆಲ್ಲ ಮಕ್ಕಳು ಬೆರಳಿಂದ ತಮ್ಮ ಹುಬ್ಬು ತೀಡಿ ತೋರಿಸುತ್ತ ಓಡಿ ಬರುತ್ತವೆ. ದಪ್ಪ ಹುಬ್ಬಿನ ಬುರುಲ್‌ಗೆ ಅವು ಇಟ್ಟ ಹೆಸರು ಅದು. ಮುಖ್ಯೋಪಾಧ್ಯಾಯಿನಿ ಅವಳಿಗೆಂದೇ ಒಂದು ತರಗತಿ ಕಾದಿರಿಸಿದ್ದರು. ಬೇಕಾಗಿದ್ದದ್ದು ಪದವಿಯೊಂದೇ.

ಸೇರುವಾಗ ವಿಶ್ವವಿದ್ಯಾಲಯದ ಮುಖ್ಯಸ್ಥ, ರೆಕ್ಟರ್ ಎಸೆಂಗುಲ್ ಅಗಾಯ್ (ಹಿರಿಯ ಮೇಷ್ಟರನ್ನು ನಾವು ಅಗಾಯ್ ಅನ್ನುತ್ತೇವೆ) ಅವಳ ತಲೆ ಸವರಿ, ಓದು ಮುಗಿಯುವವರೆಗೆ ದುಭಾಷಿ ಇರುತ್ತಾಳೆ ಎಂದು ಮಾತು ಕೊಟ್ಟಿದ್ದರು. ಯಾವುದೋ ವಿದೇಶಿ ಯೋಜನೆಯ ಕೃಪೆಯಿಂದ ಕುಮುಶ್ ಎಂಬ ಹೆಂಗಸು ಮೊದಲೆರಡು ವರ್ಷ ಬುರುಲ್‌ಳ ಎದುರು ಕೂತು ಪಾಠವನ್ನೆಲ್ಲ ಕೈಭಾಷೆಗೆ ತಿರುಗಿಸಿದಳು. ಯೋಜನೆ ಮುಗಿಯಿತು, ಕುಮುಶ್‌ಳನ್ನು ಕಳಿಸಿದರು. 'ವಿದ್ಯಾರ್ಥಿ ಬೆಂಬಲ ಕೇಂದ್ರ' ಎಂಬ ಹಿತ್ತಾಳೆ ಫಲಕ ಮಾತ್ರ ಉಳಿಯಿತು. ಆ ಕೋಣೆಯ ಸೋಫಾಕ್ಕೆ ಸುತ್ತಿದ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ತೆಗೆದಿಲ್ಲ. ಬೀಗದ ಕೈ ಉಗ್ರಾಣದವನ ಹತ್ತಿರ.

ಆಮೇಲಿನ ಎರಡು ವರ್ಷ ಬುರುಲ್ ತುಟಿ ನೋಡಿಕೊಂಡು ಓದಿದಳು. ತುಟಿ ನೋಡಿ ಓದುವುದೆಂದರೆ ತೂತುಬಿದ್ದ ಬಕೆಟ್ಟಲ್ಲಿ ನೀರು ಹೊತ್ತ ಹಾಗೆ, ಮನೆ ಮುಟ್ಟುವಷ್ಟರಲ್ಲಿ ಅರ್ಧವೂ ಉಳಿಯುವುದಿಲ್ಲ. ಇತಿಹಾಸದ ಮೇಷ್ಟರ ಮೀಸೆ ಅವರ ಬಾಯಿಯನ್ನೇ ಮುಚ್ಚುತ್ತಿತ್ತು. ಸ್ವಲ್ಪ ಕತ್ತರಿಸಿ ಎಂದು ನಾನು ಕೇಳಿದ್ದಕ್ಕೆ, ಹೆಂಗಸರನ್ನು ಅಕ್ಕ ಎಂದು ಕರೆಯುವ ನಮ್ಮ ರೂಢಿಯಂತೆ, "ಏಜೆ, ಮೀಸೆ ನಮ್ಮಪ್ಪನ ಕಡೆಯಿಂದ ಬಂದಿದ್ದು, ಸಿಲಬಸ್ಸಲ್ಲಿ ಇಲ್ಲ," ಅಂದರು. ಸಿಬ್ಬಂದಿ ಕೋಣೆಯಲ್ಲಿ ಎಲ್ಲರೂ ನಕ್ಕರು. ಮಿಕ್ಕವರು ಬೋರ್ಡಿನ ಕಡೆ ಮುಖ ಮಾಡಿ ಪಾಠ ಹೇಳುತ್ತಿದ್ದರು, ಕಿವುಡ ಮಕ್ಕಳಿಗೆ ಪಾಠ ಹೇಳುವುದು ಹೇಗೆ ಎಂಬ ಪಾಠವನ್ನು. ಅವಳ ಜೊತೆಯ ಹುಡುಗ ಹುಡುಗಿಯರು ಪಕ್ಕ ಕೂತು ಬೆರಳಲ್ಲಿ ಅಕ್ಷರ ಮಾಡಿ ಸಹಾಯ ಮಾಡುತ್ತಿದ್ದರು. ಆ ಗುಂಪಿಗೆ ಕ್ಯುರೇಟರ್ ನಾನು. ನಮ್ಮಲ್ಲಿ ಕ್ಯುರೇಟರ್ ಎಂದರೆ ಮಕ್ಕಳ ಜ್ವರಕ್ಕೂ ಜಗಳಕ್ಕೂ ಒಟ್ಟಿಗೇ ಹೊಣೆ ಹೊತ್ತ ಟೀಚರು. ಬುರುಲ್ ಹತ್ತಿರವೇ ನಾನೂ ಒಂದಿಷ್ಟು ಕೈಭಾಷೆ ಕಲಿತೆ. ಹಸಿವು, ಬಸ್ಸು, ಬೇಸರ, ಬಯ್ಗುಳ, ಅಷ್ಟು ಮಾತಾಡಬಲ್ಲೆ. ಪರೀಕ್ಷೆಯ ಉತ್ತರ ತಿರುಗಿಸುವಷ್ಟು ಬರುವುದಿಲ್ಲ.

ಕೊನೆಯ ಪರೀಕ್ಷೆ ಮೌಖಿಕ. ಚೀಟಿ ಎತ್ತಬೇಕು, ಮೂವರು ಪರೀಕ್ಷಕರ ಮುಂದೆ ನಿಂತು ಉತ್ತರ ಹೇಳಬೇಕು. ದುಭಾಷಿ ಇಲ್ಲದೆ ಬುರುಲ್ ಪಾಸಾಗುವ ಹಾಗಿಲ್ಲ. ಪರೀಕ್ಷೆ ಜೂನ್ ಮೊದಲ ವಾರ. ಅದಕ್ಕೆ ಮುಂಚೆ, ವಿಭಾಗಕ್ಕೆ ಮಾನ್ಯತೆ ಕೊಡುವ ಕಮಿಷನ್ ಬರುವುದಿತ್ತು.

ಉಪರೆಕ್ಟರ್ ಕ್ಲಾರಾ ಏಜೆ ಬುರುಲ್‌ಳನ್ನೂ ನನ್ನನ್ನೂ ಕರೆಸಿದರು.

"ನೋಡು ಸೈಕಾಲ್," ಅಂದರು ನನಗೆ, "ಕಮಿಷನ್ ಬಂದ ದಿನ ಕುಮುಶ್‌ನ ಕರೆಸ್ತೀನಿ. ಕೇಂದ್ರದಲ್ಲಿ ಇಬ್ರೂ ಎದುರುಬದುರು ಕೂತ್ಕೊಂಡಿರಲಿ. ಈ ಹುಡುಗಿ ಸ್ವಲ್ಪ ನಗ್ತಾ ಇರಲಿ. ಮಧ್ಯಾಹ್ನ ಊಟದಲ್ಲೂ ಅತಿಥಿಗಳ ಜೊತೆ ಇರಲಿ, ಚೆನ್ನಾಗಿ ಕಾಣುತ್ತೆ. ಅವತ್ತು ಎಲ್ಲ ಸುಸೂತ್ರವಾಗಿ ನಡೆದ್ರೆ ಪರೀಕ್ಷೆ ದಿನಾನೂ ಕುಮುಶ್ ಬರ್ತಾಳೆ. ನನ್ನ ಮಾತು."

"ಇಲ್ಲಾಂದ್ರೆ?"

"ಇಲ್ಲಾಂದ್ರೆ ಅಂತ ಯಾಕೆ ಶುರು ಮಾಡ್ತೀಯ? ಒಳ್ಳೇದನ್ನ ಕೇಳೋ ಅಭ್ಯಾಸಾನೇ ಇಲ್ಲ ನಿಂಗೆ."

ನಾನು ಅಷ್ಟನ್ನೂ ಬುರುಲ್‌ಗೆ ತಿಳಿಸಿದೆ. ಅವಳು ಕ್ಲಾರಾ ಏಜೆಯ ಮುಖವನ್ನು ತುಸು ಹೊತ್ತು ನೋಡಿ, ನನ್ನ ಕಡೆ ತಿರುಗಿ ಕೈಯಲ್ಲಿ ಹೇಳಿದಳು: "ಒಂದು ದಿನ ಗೊಂಬೆ ಆಗ್ತೀನಿ ಬಿಡಿ, ಏಜೆ. ಅಂಗಡಿ ಗೊಂಬೆಗಳು ವರ್ಷವಿಡೀ ನಿಂತಿರ್ತವೆ, ಪಾಪ."

"ಏನಂದ್ಲು?" ಅಂದರು ಕ್ಲಾರಾ ಏಜೆ.

"ಒಪ್ಕೊಂಡ್ಲು," ಅಂದೆ.

ಕಮಿಷನ್ ಬಂತು. ಸೋಫಾದ ಪ್ಲಾಸ್ಟಿಕ್ ಹರಿದು ತೆಗೆದರು. ಹೊಸ ಬಟ್ಟೆಯ ನಾತ ಕೋಣೆಯ ತುಂಬ ಇತ್ತು. ಕುಮುಶ್ ಬಂದು ಬುರುಲ್‌ಳನ್ನು ತಬ್ಬಿಕೊಂಡಳು. ಇಬ್ಬರೂ ಎರಡು ವರ್ಷದ ಮಾತನ್ನು ಒಂದೇ ಉಸಿರಿಗೆ ಕೈಯಲ್ಲಿ ಆಡಿ ಮುಗಿಸುತ್ತಿದ್ದಾಗ ಕಮಿಷನ್ನಿನ ಅಧ್ಯಕ್ಷ ಶಾರ್ಶೆನ್ ಅಗಾಯ್ ಒಳಗೆ ಬಂದರು. ಬಿಳಿ ಗಡ್ಡ, ಮೃದು ಮಾತು, ಕೆಟ್ಟ ಮನುಷ್ಯರಲ್ಲ. "ಎಷ್ಟು ಚೆಂದ, ಎಷ್ಟು ಚೆಂದ," ಎನ್ನುತ್ತ ಪಕ್ಕದ ಕೋಣೆಗೆ ಹೋದರು. ಅವರು ನೋಡಿದ್ದು ಅಷ್ಟು. ನೋಡಬೇಕೆಂದು ಅನಿಸಿದ್ದೂ ಅಷ್ಟೇ. ಅವರ ಬೆನ್ನು ತಿರುಗಿದ ಕೂಡಲೇ ಕ್ಲಾರಾ ಏಜೆ ಕುಮುಶ್‌ಗೆ, "ನಿಂದು ಇವತ್ತು ಅರ್ಧ ದಿನಕ್ಕೇ ಹೇಳಿರೋದು, ಹೊರಡಮ್ಮ," ಅಂದರು. ಅಡುಗೆ ಮನೆಯಿಂದ ಬೆಂದ ಕುರಿಮಾಂಸದ ವಾಸನೆ ಬರುತ್ತಿತ್ತು. ಕುಮುಶ್ ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿ ಹೋದಳು.

ಊಟಕ್ಕೆ ಮುಂಚೆ ಬುರುಲ್‌ಗೆ ನಮ್ಮ ಹಬ್ಬದ ಉಡುಪು ಹಾಕಿದರು, ಮಖಮಲ್ಲಿನ ಮೇಲಂಗಿ ತೊಡಿಸಿದರು, ತಲೆಗೆ ಗೂಬೆಗರಿಯ ಟೋಪಿ ಇಟ್ಟರು. ಬೆಳಗ್ಗೆ ಬಿಳಿ ಅಂಗಿಯಲ್ಲಿ ಕೂತಿದ್ದ ಹುಡುಗಿ ಇವಳೇ ಎಂದು ಹೆತ್ತವರಿಗೂ ಗುರುತು ಹತ್ತುತ್ತಿರಲಿಲ್ಲ. ಅವಳೇ ಹೂಜಿ ಹಿಡಿದು ಅತಿಥಿಗಳ ಕೈಗೆ ನೀರು ಹಾಕಿದಳು. ಆಮೇಲೆ ಮೇಜಿನ ಕೊನೆಯಲ್ಲಿ, ನನ್ನ ಪಕ್ಕ ಕೂತಳು.

ಮಾಂಸ ಬಂತು. ಯಾರಿಗೆ ಯಾವ ಮೂಳೆ ಎಂಬುದು ನಮ್ಮಲ್ಲಿ ಹುಟ್ಟುವ ಮುಂಚೆಯೇ ತೀರ್ಮಾನವಾಗಿರುತ್ತದೆ. ಸೊಂಟದ ಮೂಳೆ ರೆಕ್ಟರ್‌ಗೆ. ಕುರಿಯ ತಲೆ ಎಲ್ಲರಿಗಿಂತ ಹಿರಿಯ ಅತಿಥಿಯಾದ ಶಾರ್ಶೆನ್ ಅಗಾಯ್ ಮುಂದೆ. ತಲೆ ಪಡೆದವರು ಅದರ ಕಿವಿ ಕೊಯ್ದು ಊಟಕ್ಕೆ ಕೂತವರಲ್ಲಿ ಎಲ್ಲರಿಗಿಂತ ಕಿರಿಯರಿಗೆ ಕೊಡಬೇಕು. ಹಿರಿಯರ ಮಾತು ಕೇಳುವ ಮಕ್ಕಳಾಗಿ ಎಂದು ಹರಸಬೇಕು. ನಮ್ಮ ಬಾಯಿಗೂ ಬಾಲ್ಯದಲ್ಲಿ ಎಷ್ಟೋ ಕಿವಿಗಳು ಬಿದ್ದಿವೆ.

ಶಾರ್ಶೆನ್ ಅಗಾಯ್ ಚಾಕು ತೆಗೆದುಕೊಂಡರು. ಅವರ ಕೈಗೆ ಸಂಪ್ರದಾಯ ಗೊತ್ತಿತ್ತು, ಕಣ್ಣಿಗೆ ಬೆಳಗಿನ ಹುಡುಗಿ ಮರೆತುಹೋಗಿದ್ದಳು. ಕಿವಿ ಕೊಯ್ದು ಅಂಗೈ ಮೇಲಿಟ್ಟುಕೊಂಡು ಮೇಜಿನ ಉದ್ದಕ್ಕೂ ನೋಡಿದರು.

"ಎಲ್ಲಿ, ನನ್ನ ಕೈಗೆ ನೀರು ಹಾಕಿದ ಮಗಳೆಲ್ಲಿ? ಬಾ ಕಿಜಿಮ್, ಬಾ ನನ್ನ ಮಗಳೇ, ತಗೋ. ಗುರುಗಳು ಹೇಳಿದ್ದನ್ನ ಕಿವಿ ತುಂಬ ಕೇಳೋ ಹುಡುಗಿ ಆಗು. ಕೇಳಿದವರು ಯಾವತ್ತೂ ಕೆಡಲ್ಲ."

ಕಿವಿ ಕೈಯಿಂದ ಕೈಗೆ ದಾಟುತ್ತ ಬುರುಲ್ ಮುಂದೆ ಬಂತು. ಇತಿಹಾಸದ ಮೇಷ್ಟರು ಮೀಸೆಯೊಳಗೆ ಕೆಮ್ಮಿದರು. ಕ್ಲಾರಾ ಏಜೆ ಹಲ್ಲು ಕಾಣಿಸುತ್ತ, ತುಟಿ ಅಲುಗಿಸದೆ ನನ್ನ ಕಡೆ ಬಾಗಿದರು. "ತಗೊಂಡು ತಿನ್ನೋಕೆ ಹೇಳು. ಆಶೀರ್ವಾದ ಅನ್ನು, ಅಷ್ಟೇ ಸಾಕು."

ಬುರುಲ್ ನನ್ನ ಮೊಣಕೈ ಮುಟ್ಟಿದಳು. "ಏನಂದ್ರು?"

ಆಶೀರ್ವಾದ ಎಂದು ಹೇಳಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಎರಡು ವರ್ಷ ಎಲ್ಲರೂ ಅವಳಿಗೆ ತಮಗೆ ಬೇಕಾದಷ್ಟನ್ನೇ ಸೋಸಿ ಕೊಟ್ಟಿದ್ದಾರೆ. ಆ ಸೋಸುವ ಜರಡಿ ನಾನಾಗಲಾರೆ. ಹೇಳಿದ್ದನ್ನು ಹೇಳಿದ ಹಾಗೇ ಕೈಯಲ್ಲಿ ಹೇಳಿದೆ. ಗುರುಗಳು ಹೇಳಿದ್ದನ್ನು ಕಿವಿ ತುಂಬ ಕೇಳು. ಕೇಳಿದವರು ಕೆಡುವುದಿಲ್ಲ.

ಅವಳ ದಪ್ಪ ಹುಬ್ಬುಗಳು ಒಂದಕ್ಕೊಂದು ಹತ್ತಿರ ಬಂದವು. ಕಿವಿಯನ್ನು ಎತ್ತಿಕೊಂಡು ಎದ್ದಳು. ಮೇಜಿನ ಪಕ್ಕದಲ್ಲೇ ನಡೆದು ರೆಕ್ಟರ್ ಬಳಿ ನಿಂತು, ಅವರ ತಟ್ಟೆಯಲ್ಲಿ, ಸೊಂಟದ ಮೂಳೆಯ ಮೇಲೆ, ಅದನ್ನು ಇಟ್ಟಳು. ಕೈ ಒರೆಸಿಕೊಂಡು ನನ್ನ ಕಡೆ ನೋಡುತ್ತ ಮಾತಾಡತೊಡಗಿದಳು, ನನಗೆ ಅರ್ಥವಾಗಲೆಂದು ನಿಧಾನವಾಗಿ. ಅವಳ ಮಾತಿಗೆ ನಾನು ದನಿ ಕೊಟ್ಟೆ.

"ಶಾರ್ಶೆನ್ ಅಗಾಯ್, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ನಾನು ಕಿವುಡಿ. ಬೆಳಗ್ಗೆ ನೀವು ನನ್ನ ನೋಡಿ ಚೆಂದ ಅಂದ್ರಿ. ಈ ಕಿವಿ ನನಗೆ ಬಂದು ಉಪಯೋಗ ಇಲ್ಲ. ಎರಡು ವರ್ಷದಿಂದ ದುಭಾಷಿ ಕೊಡಿ ಅಂತ ಇವರನ್ನ ಕೇಳ್ತಿದೀನಿ. ಇವರು ಕೊಡಲ್ಲ ಅಂದಿದ್ದು ನನಗೆ ಪ್ರತಿಸಲಾನೂ ಅರ್ಥ ಆಗಿದೆ. ನಾನು ಕೊಡಿ ಅಂದಿದ್ದು ಇವರಿಗೆ ಒಂದು ಸಲಾನೂ ಅರ್ಥ ಆಗಿಲ್ಲ. ಹಾಗಾಗಿ ಇವರೇ ತಿನ್ನಲಿ."

ರೆಕ್ಟರ್ ನಗಲು ನೋಡಿದರು. "ಮಕ್ಕಳು, ಅಗಾಯ್. ತಮಾಷೆ ಮಾಡ್ತಾರೆ."

ಶಾರ್ಶೆನ್ ಅಗಾಯ್ ಮುಖ ಕೆಂಪಾಗಿತ್ತು. ಚಾಕು ಕೆಳಗಿಟ್ಟರು. "ಬೆಳಗ್ಗೆ ಒಬ್ಬ ಹೆಂಗಸು ಇದ್ದಳಲ್ಲ, ಅವಳೆಲ್ಲಿ?"

"ಮನೇಲಿ ಏನೋ ತುರ್ತು ಅಂತ ಹೋದ್ಲು," ಅಂದರು ಕ್ಲಾರಾ ಏಜೆ.

"ಅವಳಿಗೆ ತುರ್ತು ಇರಲಿಲ್ಲ," ಅಂದೆ ನಾನು. "ಅರ್ಧ ದಿನಕ್ಕೆ ಅಂತ ಕರೆಸಿದ್ರು. ಮಾಂಸ ಬೇಯ್ತಾ ಇರೋವಾಗ ಕಳಿಸಿದ್ರು."

"ಊಟದ ಹೊತ್ತಲ್ಲಿ? ಬಾಯಿಗೆ ಒಂದು ತುತ್ತೂ ಇಡದೆ?"

ಓದುಗರೇ, ಗಮನಿಸಿ. ಒಬ್ಬ ಹುಡುಗಿಯ ಎರಡು ವರ್ಷ ನುಂಗಿಹಾಕಿದ್ದು ಆ ಮೇಜಿನಲ್ಲಿ ಯಾರಿಗೂ ಕಹಿಯಾಗಲಿಲ್ಲ. ಮನೆಗೆ ಬಂದವರನ್ನು ಊಟದ ಹೊತ್ತಲ್ಲಿ ಹೊರಗೆ ಕಳಿಸಿದ್ದು ಕೇಳಿ ಮಾತ್ರ ಎಲ್ಲರ ತಲೆ ತಗ್ಗಿತು. ನಮ್ಮ ನಾಚಿಕೆಗೂ ಯಾವುದೋ ಹಳೆಯ ಪಾಲುಪಟ್ಟಿ ಇರಬೇಕು. ಅತಿಥಿಗೆ ಒಂದು ತುಂಡು ಇದೆ, ವಿದ್ಯಾರ್ಥಿಗೆ ಇಲ್ಲ.

"ಕೈಗೆ ಕೊಟ್ಟ ಪಾಲನ್ನ ವಾಪಸ್ ಇಡೋ ಹಾಗಿಲ್ಲ, ಎಸೆಂಗುಲ್," ಅಂದರು ಮುದುಕರು ತಣ್ಣಗೆ. "ತಿನ್ನು."

ರೆಕ್ಟರ್ ಅಗಿದರು. ಕಿವಿಯ ಎಳೆಮೂಳೆ ಕರಕರ ಎನ್ನುವುದು ಮೇಜಿನ ಕೊನೆಯವರೆಗೂ ಕೇಳಿಸಿತು. ಬುರುಲ್ ಅವರ ದವಡೆಯನ್ನು, ಪಾಠ ಕೇಳುವಷ್ಟೇ ಶ್ರದ್ಧೆಯಿಂದ, ನುಂಗುವವರೆಗೂ ನೋಡಿದಳು.

ಇಲ್ಲಿಗೆ ಕಥೆ ಮುಗಿಸಿದರೆ ನಿಮಗೂ ಖುಷಿ, ನನಗೂ ಖುಷಿ. ಆದರೆ ಶಾರ್ಶೆನ್ ಅಗಾಯ್ ಆ ಸಂಜೆ ಕಾರು ಹತ್ತಿ ಹೋದರು, ವಿಭಾಗಕ್ಕೆ ಪೂರ್ತಿ ಅವಧಿಯ ಮಾನ್ಯತೆ ಬಂತು. ಜೊತೆಗೊಂದು ಸಾಲಿನ ಸಲಹೆ: ವಿದ್ಯಾರ್ಥಿ ಬೆಂಬಲವನ್ನು ಇನ್ನಷ್ಟು ಬಲಪಡಿಸಬಹುದು. ಇನ್ನಷ್ಟು. ಇಲ್ಲದ್ದನ್ನು ಇನ್ನಷ್ಟು ಮಾಡುವ ಈ ಗಣಿತ ನಮ್ಮ ದೊಡ್ಡವರಿಗೆ ಮಾತ್ರ ಬರುತ್ತದೆ.

ಕ್ಲಾರಾ ಏಜೆ ನನ್ನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿದರು.

"ಕುಮುಶ್ ಬರಲ್ಲ. ಮೌಖಿಕ ಅಂದ್ರೆ ಮೌಖಿಕ, ಬಾಯಲ್ಲಿ ಹೇಳ್ಬೇಕು. ನೀನು ಕ್ಯುರೇಟರ್, ನೀನೇನಾದ್ರೂ ಕೈ ಆಡಿಸಿ ತಿರುಗಿಸಿದ್ರೆ ಪಕ್ಷಪಾತ ಅಂತ ಪರೀಕ್ಷೆನೇ ರದ್ದು ಮಾಡ್ತೀನಿ. ಕಿವಿ ತಿನ್ನಿಸಿದ್ರಲ್ಲ, ರುಚಿ ನೋಡಿ ಈಗ."

ಬುರುಲ್ ಹಾಸ್ಟೆಲ್ಲಿನ ಕಿಟಕಿ ಹತ್ತಿರ ಕೂತಿದ್ದಳು. ಕ್ಲಾರಾ ಏಜೆ ಅಂದದ್ದನ್ನು ಅವಳಿಗೆ ತಿಳಿಸಿದೆ. "ನಾನು ತಪ್ಪು ಮಾಡಿದ್ನಾ ಏಜೆ?" ಎಂದು ಕೇಳಿದಳು. "ಸುಮ್ನೆ ತಿಂದುಬಿಟ್ಟಿದ್ರೆ ಆಗ್ತಿತ್ತು. ಶಾಲೆ ಮಕ್ಕಳಿಗೆ ಶರತ್ಕಾಲದಲ್ಲಿ ಬರ್ತೀನಿ ಅಂದಿದೀನಿ."

"ತಪ್ಪು ನಿಂದಲ್ಲ," ಅಂದೆ. ನನಗೆ ಬರುವ ಕೈಭಾಷೆಯಲ್ಲಿ ಅದಕ್ಕಿಂತ ಹೆಚ್ಚು ಹೇಳಲಾಗಲಿಲ್ಲ. ಅವಳ ಜೊತೆಯವರು ಮಂಚದ ಮೇಲೆ ಕೂತು ನಮ್ಮ ಕೈಗಳನ್ನೇ ನೋಡುತ್ತಿದ್ದರು.

ಪರೀಕ್ಷೆಯ ಬೆಳಗ್ಗೆ ಕ್ಲಾರಾ ಏಜೆ ನಡುವಿನ ಕುರ್ಚಿಯಲ್ಲಿ, ಅವರ ಎಡಬಲಕ್ಕೆ ಇಬ್ಬರು ಡಾಕ್ಟರೇಟ್ ಪಡೆದ ದೋಷಶಾಸ್ತ್ರಿಗಳು. ನಾನು ಬಾಗಿಲ ಪಕ್ಕ. ಬುರುಲ್‌ಳನ್ನೇ ಮೊದಲು ಕರೆದರು, ಬೇಗ ಮುಗಿಸಿಬಿಡಲೆಂದು. ಅವಳು ಚೀಟಿ ಎತ್ತಿ ಪ್ರಶ್ನೆಯನ್ನು ಓದಲು ಅವರ ಮುಂದಿಟ್ಟಳು: ಕೇಳಿಸದ ಮಗುವಿಗೆ ಮೊದಲ ತರಗತಿಯಲ್ಲಿ ಭಾಷೆ ಕಲಿಸುವ ಬಗೆ. ಹಿಂದೆ ಸರಿದು ನಿಂತು, ಕೈಯಲ್ಲಿ ಉತ್ತರ ಶುರು ಮಾಡಿದಳು. ಅಳುಕಿಲ್ಲ, ಅವಸರವಿಲ್ಲ. ಬೆರಳು, ಭುಜ, ಹುಬ್ಬು ಎಲ್ಲ ಕೆಲಸಕ್ಕೆ ಬಿದ್ದಿದ್ದವು.

ಕಿವುಡರ ಶಿಕ್ಷಣದ ಮೇಲೆ ಪ್ರಬಂಧ ಬರೆದು ಡಾಕ್ಟರ್ ಆದವರು ಮೇಜಿನ ಮೇಲಿನ ನೀರಿನ ಲೋಟ ನೋಡುತ್ತ ಕೂತರು.

"ಸೈಕಾಲ್, ಏನು ಹೇಳ್ತಿದಾಳೆ ಇವಳು?" ಅಂದರು ಕ್ಲಾರಾ ಏಜೆ.

"ನಾನು ತಿರುಗಿಸಿದ್ರೆ ಪಕ್ಷಪಾತ ಆಗುತ್ತೆ ಏಜೆ. ನೀವೇ ಹೇಳಿದ್ರಿ. ಇಲ್ಲಿ ಮೂವರು ತಜ್ಞರಿದ್ದೀರಿ."

"ಸರಿ. ಉತ್ತರ ಹೇಳಲಿಲ್ಲ ಅಂತ ಆಯ್ತು. ಮುಂದಿನವನು ಬರಲಿ. ಎರ್ಕಿನ್."

ಎರ್ಕಿನ್ ಎದ್ದು ಬಂದ. ಕುಸ್ತಿಯವನ ಮೈ, ತರಗತಿಯಲ್ಲಿ ಎಲ್ಲರಿಗಿಂತ ದೊಡ್ಡ ಗಂಟಲು. ಚೀಟಿ ಎತ್ತಿದ. ಬಾಯಿ ತೆರೆದು ಉತ್ತರ ಹೇಳತೊಡಗಿದ. ತುಟಿ ಆಡುತ್ತಿತ್ತು, ದನಿ ಇರಲಿಲ್ಲ.

"ಜೋರಾಗಿ ಹೇಳು."

ಎರ್ಕಿನ್ ತಲೆಯಾಡಿಸಿ ಬಾಯಿಯನ್ನು ಇನ್ನೂ ಅಗಲವಾಗಿ ಆಡಿಸಿದ. ದನಿ ಇಲ್ಲ.

"ಗಂಟಲು ಕೆಟ್ಟಿದೆಯಾ ನಿಂಗೆ?"

ಇಲ್ಲ ಎಂದು ತಲೆಯಾಡಿಸಿದ. ಉತ್ತರ ಮುಗಿಸಿ, ಕೈಕಟ್ಟಿ ನಿಂತ. ಆಮೇಲೆ ನೂರಿಪಾ ಬಂದಳು. ಅವಳೂ ಹಾಗೇ. ಅವಳ ಹಿಂದೆ ಇನ್ನೊಬ್ಬ. ಒಬ್ಬರಾದ ಮೇಲೆ ಒಬ್ಬರು ಬಂದು, ಚೀಟಿ ಎತ್ತಿ, ಇಡೀ ಉತ್ತರವನ್ನು ಸದ್ದಿಲ್ಲದ ಬಾಯಲ್ಲಿ ಹೇಳಿ ಹೋದರು. ಹೊರಗೆ ಬೇಲಿಯ ಮೇಲೆ ಗುಬ್ಬಚ್ಚಿಗಳು ಕೂಗುವುದು ಕೇಳುತ್ತಿತ್ತು. ಆ ಕೋಣೆಯಲ್ಲಿ ಅವರ ಉತ್ತರ ಗೊತ್ತಾಗುತ್ತಿದ್ದದ್ದು ಒಬ್ಬಳಿಗೆ ಮಾತ್ರ. ಬುರುಲ್ ಮುಂದಿನ ಬೆಂಚಿನಲ್ಲಿ ಕೂತು ತುಟಿಗಳನ್ನು ಓದುತ್ತಿದ್ದಳು. ಒಬ್ಬನ ಉತ್ತರಕ್ಕೆ ತಲೆದೂಗಿದಳು. ಇನ್ನೊಬ್ಬಳಿಗೆ ಬೆರಳೆತ್ತಿ, ಅದು ತಪ್ಪು, ಇನ್ನೊಮ್ಮೆ ಯೋಚಿಸು ಎಂದು ಸನ್ನೆ ಮಾಡಿದಳು. ಆ ಹುಡುಗಿ ನಾಲಗೆ ಕಚ್ಚಿಕೊಂಡು ತಿದ್ದಿ ಹೇಳಿದಳು, ಸದ್ದಿಲ್ಲದೆ.

ಬಲಗಡೆಯ ಪರೀಕ್ಷಕರು ಬೆವರು ಒರೆಸಿಕೊಂಡರು. "ಕ್ಲಾರಾ, ಎಲ್ಲರನ್ನೂ ಫೇಲ್ ಮಾಡೋಕಾಗುತ್ತಾ? ಈಗ ತಾನೆ ಮಾನ್ಯತೆ ಬಂದಿದೆ. ಇಡೀ ಬ್ಯಾಚ್ ಫೇಲ್ ಅಂದ್ರೆ ರಾಜಧಾನಿಯಲ್ಲಿ ಏನಂತಾರೆ?"

"ಇದೆಲ್ಲ ನಿನ್ನದೇ ಕಿತಾಪತಿ," ಅಂದರು ಕ್ಲಾರಾ ಏಜೆ ನನಗೆ.

"ನನ್ನದಾಗಿದ್ರೆ ಹೆಮ್ಮೆಯಿಂದ ಹೇಳ್ಕೋತಿದ್ದೆ. ಇವರು ನನಗೂ ಹೇಳಿರಲಿಲ್ಲ."

ಕ್ಲಾರಾ ಏಜೆ ಬಾಯಿ ತೆರೆದರು, ಮುಚ್ಚಿದರು. ಯಾವ ಮಾತೂ ಹೊರಗೆ ಬರಲಿಲ್ಲ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಕೊನೆಗೆ ಅವರು ಫೋನು ತೆಗೆದು ಡ್ರೈವರನಿಗೆ ಕುಮುಶ್‌ಳ ಮನೆಯ ದಾರಿ ಹೇಳಿದರು.

ಕುಮುಶ್ ಬಂದಳು, ತಲೆವಸ್ತ್ರ ಸರಿಮಾಡಿಕೊಳ್ಳುತ್ತ. ದಾರಿಯಲ್ಲಿ ಡ್ರೈವರ್ ಎಲ್ಲ ಹೇಳಿದ್ದನೇನೋ, ಯಾರನ್ನೂ ಏನೂ ಕೇಳಲಿಲ್ಲ. ಕ್ಲಾರಾ ಏಜೆ ಗಡಿಯಾರ ನೋಡಿ, "ಇವತ್ತು ಮಾತ್ರ. ಬೇಗ ಶುರು ಮಾಡು," ಅಂದರು. ಕುಮುಶ್ ಅದನ್ನೂ ಬಿಡದೆ ತಿರುಗಿಸಿದಳು.

ಬುರುಲ್ ಶುರು ಮಾಡಲಿಲ್ಲ. ಕಿಟಕಿಯ ಕಡೆ ಕೈ ತೋರಿಸಿ ಏನೋ ಹೇಳಿದಳು.

"ಬೆಳಕು ನನ್ನ ಬೆನ್ನಿಗೆ ಬೀಳ್ತಿದೆಯಂತೆ," ಅಂದಳು ಕುಮುಶ್. "ನನ್ನ ಕೈ ಅವಳಿಗೆ ಕಾಣಲ್ಲ. ನಾನು ನಿಮ್ಮ ಜಾಗದಲ್ಲಿ ಕೂರಬೇಕು. ನೀವು ಮೂವರೂ ಆ ಕಡೆ ಹೋಗ್ಬೇಕಂತೆ."

"ಇದೊಂದು ಬಾಕಿ ಇತ್ತು," ಅಂದರು ಕ್ಲಾರಾ ಏಜೆ.

ಬುರುಲ್ ಕಾಯುತ್ತ ನಿಂತಳು. ಬೆಂಚುಗಳಲ್ಲಿ ಕೂತವರು ಯಾರೂ ಅಲುಗಲಿಲ್ಲ. ಇಬ್ಬರು ಡಾಕ್ಟರುಗಳು ಮೊದಲು ಎದ್ದರು. ಆಮೇಲೆ ಕ್ಲಾರಾ ಏಜೆ ಎದ್ದು, ತಮ್ಮ ಕುರ್ಚಿಯನ್ನು ತಾವೇ ಎಳೆದುಕೊಂಡು ಗೋಡೆಯ ಪಕ್ಕಕ್ಕೆ ಹೋದರು. ಕುಮುಶ್ ನಡುವಿನ ಜಾಗದಲ್ಲಿ ಕೂತು ಕೈಗಳನ್ನು ಸಿದ್ಧವಾಗಿಟ್ಟುಕೊಂಡಳು. ಬುರುಲ್ ಉತ್ತರವನ್ನು ಮೊದಲಿನಿಂದ ಹೇಳತೊಡಗಿದಳು.